ಲಿಫ್ಟ್ ನಿಂತ ಮೇಲೆ ಹಣ ಹುಡುಕುವ ಬದಲು

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿರುವ 24 ಮನೆಗಳ, 18 ವರ್ಷ ಹಳೆಯ ಅಪಾರ್ಟ್‌ಮೆಂಟ್. ಪ್ರತಿ ಮನೆಯಿಂದ ತಿಂಗಳಿಗೆ 3,000 ರೂಪಾಯಿ ನಿರ್ವಹಣಾ ಶುಲ್ಕ ಸಂಗ್ರಹಿಸುತ್ತೇವೆ. ಕಾವಲುಗಾರರ ಸಂಬಳ, ವಿದ್ಯುತ್, ಟ್ಯಾಂಕರ್ ನೀರು ಇವಕ್ಕೇ ಅದು ಸರಿಹೋಗುತ್ತದೆ. ಕಳೆದ ವರ್ಷ ಲಿಫ್ಟ್ ದುರಸ್ತಿಗೆಂದು ತಲಾ 15,000 ಕೇಳಿದಾಗ ಸಭೆಯಲ್ಲಿ ದೊಡ್ಡ ಜಗಳವಾಯಿತು. ಖಜಾಂಚಿಯಾಗಿರುವ ನಾನು ಮುಂದಿನ ಬಜೆಟ್ ಹೇಗೆ ಸಿದ್ಧಪಡಿಸಬೇಕು?

ಉತ್ತರ: ನೀವು ಈಗ ಲೆಕ್ಕ ಹಾಕುತ್ತಿರುವುದು ತಿಂಗಳ ಖರ್ಚನ್ನು ಮಾತ್ರ. ಕಟ್ಟಡ ವರ್ಷದಿಂದ ವರ್ಷಕ್ಕೆ ಸವೆಯುತ್ತಿರುವುದೂ ಒಂದು ಖರ್ಚೇ ಆಗಿದ್ದು, ಅದಕ್ಕೆ ಬಿಲ್ಲು ಬರುವುದು ತಡವಾಗಿ ಎಂಬ ಕಾರಣಕ್ಕೆ ಅದು ಬಜೆಟ್ಟಿನಲ್ಲಿ ಕಾಣಿಸಿಕೊಳ್ಳುತ್ತಿಲ್ಲ. ಆದ್ದರಿಂದ ಮೊದಲು ದೊಡ್ಡ ಕೆಲಸಗಳ ಪಟ್ಟಿಯೊಂದನ್ನು ಮಾಡಿ, ಪ್ರತಿಯೊಂದರ ಇಂದಿನ ಅಂದಾಜು ವೆಚ್ಚವನ್ನೂ ಅದು ಇನ್ನೆಷ್ಟು ವರ್ಷ ಬಾಳಬಹುದೆಂಬುದನ್ನೂ ಬರೆದುಕೊಳ್ಳಿ. ವರ್ಷಕ್ಕೆ ಎಷ್ಟು ಕೂಡಿಡಬೇಕೆಂದು ತಿಳಿಯಲು ಆ ವೆಚ್ಚವನ್ನು ಒಟ್ಟು ಬಾಳಿಕೆಯಿಂದ ಭಾಗಿಸುವ ತಪ್ಪನ್ನು ಹಲವು ಸಂಘಗಳು ಮಾಡುತ್ತವೆ. ಇಂಥ ಕೆಲಸಗಳಿಗೆಂದು ನೀವು ಈವರೆಗೆ ಏನೂ ಕೂಡಿಟ್ಟಿಲ್ಲವಾದ್ದರಿಂದ ಭಾಗಿಸಬೇಕಾದದ್ದು ಉಳಿದಿರುವ ವರ್ಷಗಳಿಂದ.

ಉದಾಹರಣೆಗೆ, ಹೊರಗೋಡೆಗಳ ಬಣ್ಣಕ್ಕೆ 9 ಲಕ್ಷ ಬೇಕಾಗಿದ್ದು 3 ವರ್ಷ ಕಾಯಬಹುದು, ತಾರಸಿಯ ವಾಟರ್‌ಪ್ರೂಫಿಂಗ್‌ಗೆ 4 ಲಕ್ಷ ಬೇಕಾಗಿದ್ದು 4 ವರ್ಷ ಕಾಯಬಹುದು, 14 ಲಕ್ಷದ ಹೊಸ ಲಿಫ್ಟ್ 7 ವರ್ಷಗಳ ನಂತರ ಬೇಕು ಎಂದಿಟ್ಟುಕೊಳ್ಳಿ. ಆಗ ವರ್ಷಕ್ಕೆ ಕ್ರಮವಾಗಿ 3 ಲಕ್ಷ, 1 ಲಕ್ಷ, 2 ಲಕ್ಷ, ಒಟ್ಟು 6 ಲಕ್ಷ ಕೂಡಿಡಬೇಕಾಗುತ್ತದೆ, ಅಂದರೆ ಮನೆಯೊಂದಕ್ಕೆ ತಿಂಗಳಿಗೆ ಸರಾಸರಿ 2,083 ರೂಪಾಯಿ. ಈ ಮೊತ್ತ ಹೆಚ್ಚೆನಿಸುವುದು ನಿಜ, ಏಕೆಂದರೆ ಹಿಂದಿನ 18 ವರ್ಷಗಳಲ್ಲಿ ಕೂಡಿಡದೆ ಹೋದದ್ದೂ ಇದರಲ್ಲಿ ಸೇರಿದೆ. ಆದರೂ ಲಿಫ್ಟ್ ನಿಂತ ತಿಂಗಳು ಅದೊಂದಕ್ಕೇ ತಲಾ 58,000ಕ್ಕೂ ಹೆಚ್ಚು ಕೇಳುವುದಕ್ಕಿಂತ, ಅದರಲ್ಲೂ ಪಿಂಚಣಿಯಲ್ಲೇ ಬದುಕುವ ಹಿರಿಯರನ್ನು ಕೇಳುವುದಕ್ಕಿಂತ, ಇದು ಎಷ್ಟೋ ನ್ಯಾಯವಾದ ದಾರಿ. ದರಗಳು ಏರುವುದರಿಂದ ಪ್ರತಿ ವರ್ಷ ಹೊಸ ಕೊಟೇಶನ್ ಪಡೆದು ಈ ಪಟ್ಟಿಯನ್ನು ತಿದ್ದಬೇಕು.

ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳ ಮಾದರಿ ಉಪನಿಯಮಗಳಲ್ಲಿ ಸಿಂಕಿಂಗ್ ಫಂಡ್‌ಗೆ (ಮುಂದಿನ ದೊಡ್ಡ ಕೆಲಸಗಳಿಗೆಂದು ವರ್ಷವರ್ಷವೂ ಕೂಡಿಡುವ ನಿಧಿ) ವರ್ಷಕ್ಕೆ ನಿರ್ಮಾಣ ವೆಚ್ಚದ ಕನಿಷ್ಠ ಶೇ 0.25ರಷ್ಟನ್ನೂ ದುರಸ್ತಿ ನಿಧಿಗೆ ಶೇ 0.75ರಷ್ಟನ್ನೂ ಕೂಡಿಡುವ ಕ್ರಮವಿದೆ. ಹೊಸ ಕಟ್ಟಡಗಳಿಗೆ ಅದು ಒಳ್ಳೆಯ ಆರಂಭ. ನಿಮ್ಮಂಥ ಹಳೆಯ ಕಟ್ಟಡಕ್ಕೆ ಮೇಲಿನ ಪಟ್ಟಿಯೇ ಸರಿಯಾದ ಅಳತೆ.

ಈ ಹಣವನ್ನು ಪ್ರತ್ಯೇಕ ಖಾತೆಯಲ್ಲಿಡುವುದು ಅತ್ಯಗತ್ಯ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ದರ ಏರಿ, ಜಿಲ್ಲಾಡಳಿತವೇ ದರ ನಿಗದಿಪಡಿಸಬೇಕಾಗಿ ಬಂದದ್ದು ನಿಮಗೆ ನೆನಪಿರಬಹುದು. ಒಂದೇ ಖಾತೆಯಿದ್ದರೆ ಅಂಥ ಬೇಸಿಗೆಯಲ್ಲಿ ಲಿಫ್ಟಿನ ಹಣವೇ ನೀರಿಗೆ ಹೋಗುತ್ತದೆ. ಆದ್ದರಿಂದ ಮಾರ್ಚ್‌ನಿಂದ ಮೇ ತಿಂಗಳವರೆಗಿನ ನೀರಿನ ಖರ್ಚನ್ನು ಹಿಂದಿನ ವರ್ಷಗಳ ಬಿಲ್ಲು ನೋಡಿ ಬೇರೆಯಾಗಿಯೇ ಅಂದಾಜಿಸಿ, ಮೀಸಲು ನಿಧಿಯನ್ನು ಮುಟ್ಟಲು ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕೆಂದು ಉಪನಿಯಮದಲ್ಲೇ ಸೇರಿಸಿ.

ಪ್ರಶ್ನೆ: ನೆಲಮಹಡಿಯ ಮಾಲೀಕರೊಬ್ಬರು ತಾವು ಲಿಫ್ಟ್ ಬಳಸುವುದಿಲ್ಲವಾದ್ದರಿಂದ ಅದರ ಪಾಲು ಕೊಡುವುದಿಲ್ಲ ಎನ್ನುತ್ತಾರೆ. ಇದು ಸರಿಯೇ?

ಉತ್ತರ: ನಿಮ್ಮ ಕಟ್ಟಡ, ಮಾಲೀಕರು ನೋಂದಾಯಿಸುವ ಡಿಕ್ಲರೇಷನ್ (ಘೋಷಣಾ) ಪತ್ರದ ಮೂಲಕ, 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಗೆ ಒಳಪಟ್ಟಿದ್ದರೆ ಸರಿಯಲ್ಲ. ಸಾಮಾನ್ಯ ಸೌಲಭ್ಯವನ್ನು ಬಳಸುವುದಿಲ್ಲ ಎಂಬ ಕಾರಣ ಹೇಳಿ ಮಾಲೀಕರು ಸಾಮಾನ್ಯ ವೆಚ್ಚದ ಹೊಣೆಯಿಂದ ಬಿಡಿಸಿಕೊಳ್ಳುವಂತಿಲ್ಲ. ಆ ಕಾಯ್ದೆಯಂತೆ ವೆಚ್ಚ ಹಂಚಿಕೆಯಾಗುವುದು ಸಾಮಾನ್ಯ ಪ್ರದೇಶದಲ್ಲಿ ಪ್ರತಿ ಮನೆಗಿರುವ ಅವಿಭಜಿತ ಪಾಲಿನ ಪ್ರಮಾಣದಲ್ಲಿ. ಆ ಶೇಕಡಾವಾರು ಡಿಕ್ಲರೇಷನ್ ಪತ್ರದಲ್ಲೇ ಇರುತ್ತದೆ. ಹೀಗಾಗಿ ಮೊದಲ ಉತ್ತರದಲ್ಲಿ ಹೇಳಿದ 2,083 ರೂಪಾಯಿಯನ್ನು ಸರಾಸರಿಯಾಗಿ ಮಾತ್ರ ಓದಿಕೊಳ್ಳಿ. ಬಾಕಿ ಉಳಿಸಿಕೊಂಡರೆ ಆ ಮೊತ್ತ ಅವರ ಮನೆಯ ಮೇಲೆಯೇ ಋಣಭಾರವಾಗಿ ನಿಲ್ಲುತ್ತದೆ ಎಂಬುದನ್ನು, ನೋಟಿಸ್ ಕೊಡುವ ಮೊದಲು, ಪಕ್ಕದಲ್ಲಿ ಕುಳಿತು ಸಮಾಧಾನದಿಂದ ಅವರಿಗೆ ತಿಳಿಸಿ.