ಎಂಪಿಜಿ123 ಅಲ್ಲಿ ಆಕಾಶವಾಣಿ ಯಾಕೆ ಬರುತ್ತಿಲ್ಲ

ಟರ್ಮಿನಲ್‌ನಲ್ಲಿ ಆಡಿಯೋ ಕೇಳಿಸುವ ಎಂಪಿಜಿ123 (mpg123) ಪ್ಲೇಯರ್‌ನಲ್ಲಿ ಬೇರೆ ರೇಡಿಯೋ ಸ್ಟೇಷನ್‌ಗಳು ಬಂದು ಆಕಾಶವಾಣಿ ಮಾತ್ರ ಬರುತ್ತಿಲ್ಲ ಅಂದರೆ, ಕಾರಣ ಬಹುಶಃ ಅದರ ಸ್ಟ್ರೀಮ್‌ನ, ಅಂದರೆ ಇಂಟರ್ನೆಟ್‌ನಲ್ಲಿ ಬರುವ ಪ್ರಸಾರದ, ರೀತಿ. ವಿಳಾಸದ ಕೊನೆಯಲ್ಲಿ ಎಂ3ಯು8 (m3u8) ಅಂತ ಇದೆಯಾ ನೋಡಿ. ಇದ್ದರೆ ಅದು ಎಚ್‌ಎಲ್‌ಎಸ್ ಅನ್ನುವ ಬಗೆಯ ಸ್ಟ್ರೀಮ್. ಅಲ್ಲಿ ಸಿಗುವುದು ನೇರ ಹಾಡಲ್ಲ, ಕೆಲವೇ ಸೆಕೆಂಡುಗಳ ತುಣುಕುಗಳ ಪಟ್ಟಿ. ಆ ಪಟ್ಟಿ ಬದಲಾಗುತ್ತಲೇ ಇರುತ್ತದೆ. ಎಂಪಿಜಿ123 ಇರುವುದು ಎಂಪಿ3 ಥರದ ಆಡಿಯೋಗೆ, ಅದಕ್ಕೆ ಇದು ಅರ್ಥವಾಗಲ್ಲ.

ಎಚ್‌ಎಲ್‌ಎಸ್ ಕೇಳಿಸಬಲ್ಲ ಎಂಪಿವಿ (mpv) ಅನ್ನುವ ಪ್ಲೇಯರ್ ಹಾಕಿಕೊಳ್ಳಿ. ಉಬುಂಟು ಆದರೆ ಟರ್ಮಿನಲ್‌ನಲ್ಲಿ sudo apt install mpv, ಅಷ್ಟೇ. ಆಮೇಲೆ mpv ಅಂತ ಬರೆದು, ಜಾಗ ಬಿಟ್ಟು, ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಅಂಟಿಸಿ ಎಂಟರ್ ಒತ್ತಿ. ಈ ಚಿಹ್ನೆ ಮರೀಬೇಡಿ. ವಿಳಾಸದಲ್ಲಿ & ಇದ್ದರೆ ಶೆಲ್ (ಟರ್ಮಿನಲ್‌ನಲ್ಲಿ ಬರೆದದ್ದನ್ನು ಓದಿ ನಡೆಸುವ ಪ್ರೋಗ್ರಾಂ) ಅದನ್ನು ಅಲ್ಲಿಗೇ ಕತ್ತರಿಸಿಬಿಡುತ್ತದೆ, ಆಗ ಸುಮ್ನೆ ಎಂಪಿವಿಯನ್ನು ಬೈಯುತ್ತಾ ಕೂರಬೇಕಾಗುತ್ತದೆ. ಸದ್ದು ಕಡಿಮೆ ಮಾಡಲು 9, ಜಾಸ್ತಿ ಮಾಡಲು 0. ನಿಲ್ಲಿಸಿ ಮತ್ತೆ ಶುರು ಮಾಡಲು ಸ್ಪೇಸ್, ಹೊರಬರಲು ಕ್ಯೂ.

ಆಗಲೂ ಬರದಿದ್ದರೆ ಟರ್ಮಿನಲ್‌ನಲ್ಲಿ ಬರುವ ಎರರ್ ಓದಿ. 404 ಅಂದರೆ ಆ ವಿಳಾಸದಲ್ಲಿ ಈಗ ಏನೂ ಇಲ್ಲ, ಹೊಸದು ಹುಡುಕಬೇಕು. 403 ಆದರೆ ಸರ್ವರ್ ಬಿಡುತ್ತಿಲ್ಲ ಅಂತ. ಬೇರೇನಾದರೂ ಬಂದರೆ ಆ ಸಾಲನ್ನು ಹಾಗೇ ಇಲ್ಲಿ ಹಾಕಿ, ಅದನ್ನು ನೋಡದೆ ಖಚಿತವಾಗಿ ಹೇಳುವುದು ಕಷ್ಟ.