ಅರ್ಜಿಯಲ್ಲಿ ‘ಸಾವು: ಸೊನ್ನೆ’ ಅಂತ ಬರೆಯಬೇಡಿ

ಅಮೆರಿಕದಲ್ಲಿ ಅಳಿವಿನಂಚಿನ ಮೀನುಗಳ ಮೇಲೆ ಸಂಶೋಧನೆ ಮಾಡಲು ಹೊರಟವರಿಂದ ಮತ್ತೆ ಮತ್ತೆ ಅವೇ ಪ್ರಶ್ನೆಗಳು ಬರುತ್ತಿವೆ. ಅದಕ್ಕೆ ಬೇಕಾದ ಅನುಮತಿಯ ಅರ್ಜಿ ಎಲ್ಲಿ ಸಿಗುತ್ತದೆ, ಹೇಗೆ ತುಂಬಬೇಕು ಅನ್ನೋದನ್ನು ನಾನು ಹೇಳುವುದಿಲ್ಲ. ಅಷ್ಟನ್ನು ಓದಿಕೊಳ್ಳಲು ಆಗದವರು ಮೀನಿಗೆ ಕೈ ಹಾಕದೇ ಇರೋದೇ ವಾಸಿ.

ಪ್ರಶ್ನೆ: ಸ್ಯಾಕ್ರಮೆಂಟೊ ನದಿಯಲ್ಲಿ ಚಿನೂಕ್ ಸಾಲ್ಮನ್ ಮರಿಗಳನ್ನು ಹಿಡಿದು, ಅಳತೆ ತೆಗೆದು, ಟ್ಯಾಗ್ ಹಾಕಿ ವಾಪಸ್ ಬಿಡುವುದು ನನ್ನ ಪಿಎಚ್‌ಡಿ ಕೆಲಸ. ಎಷ್ಟು ಮೀನು ಸಾಯಬಹುದು ಅಂತ ಅರ್ಜಿಯಲ್ಲಿ ಕೇಳಿದ್ದಾರೆ. ನಾವು ಕೊಲ್ಲುವುದೇ ಇಲ್ಲವಲ್ಲ, ಸೊನ್ನೆ ಅಂತ ಬರೆಯಲಾ? ಅಥವಾ ಇರಲಿ ಅಂತ ಸ್ವಲ್ಪ ಜಾಸ್ತಿಯೇ ಬರೆಯಲಾ?

ಎರಡೂ ಬೇಡ. ಅಳಿವಿನಂಚಿನ ಜೀವಿಗಳನ್ನು ಕಾಪಾಡುವ 1973ರ ಕಾಯ್ದೆಯ ಪ್ರಕಾರ ಕೊಲ್ಲುವುದೊಂದೇ ತಪ್ಪು ಅಂತಲ್ಲ. ಹಿಡಿಯುವುದು, ಕಾಟ ಕೊಡುವುದು, ಹಿಡಿಯಲು ನೋಡುವುದು ಎಲ್ಲವೂ ತಪ್ಪು. ಸಂಶೋಧಕರಿಗೆ 10ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ, ಸಾಲ್ಮನ್ ಆದ್ದರಿಂದ ನಿಮ್ಮ ಅರ್ಜಿ ನೋವಾ ಫಿಶರೀಸ್‌ಗೆ, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ಮೀನುಗಾರಿಕೆ ಇಲಾಖೆಗೆ, ಹೋಗುತ್ತದೆ. ಯಾವ ವಯಸ್ಸಿನ ಮೀನು, ಯಾವ ವಿಧಾನ, ಎಷ್ಟು ಹಿಡಿಯುತ್ತೀರಿ, ಅದರಲ್ಲಿ ಕೈಮೀರಿ ಎಷ್ಟು ಸಾಯಬಹುದು, ಎಲ್ಲವನ್ನೂ ಬಿಡಿಬಿಡಿಯಾಗಿ ಕೇಳುತ್ತಾರೆ.

‘ನಾವು ಕೊಲ್ಲಲ್ಲ’ ಅನ್ನೋದು ನಿಮ್ಮ ಉದ್ದೇಶ, ಅಷ್ಟೇ. ನದಿಯಲ್ಲಿ ಸ್ಕ್ರೂ ಟ್ರ್ಯಾಪ್ (ಹರಿವಿಗೆ ತಿರುಗುತ್ತಾ ಮರಿಗಳನ್ನು ಪೆಟ್ಟಿಗೆಗೆ ಸೇರಿಸುವ ತೇಲುವ ಬೋನು) ಇಟ್ಟಿರುತ್ತೀರಿ, ರಾತ್ರಿ ಜೋರು ಮಳೆ ಬಂದು ಎಲೆ, ಕಡ್ಡಿ, ಕಸ ಎಲ್ಲ ಕೊಚ್ಚಿಕೊಂಡು ಬಂದು ಮೀನು ಕೂಡುವ ಪೆಟ್ಟಿಗೆಗೆ ತುಂಬಿಕೊಳ್ಳುತ್ತದೆ, ಬೆಳಗ್ಗೆ ಹೋಗಿ ನೋಡಿದರೆ ಮರಿಗಳು ಜಜ್ಜಿಹೋಗಿರುತ್ತವೆ. ನೀವು ಸೊನ್ನೆ ಬರೆದಿದ್ದರೆ ಆ ಮೊದಲ ಮರಿ ಸತ್ತಾಗಲೇ ಅನುಮತಿ ಮೀರಿದಂತಾಯಿತು. ಕೆಲಸ ನಿಲ್ಲಿಸಿ ವರದಿ ಮಾಡಬೇಕು. ಆಗ ಮುಚ್ಚಿಡುವ ಮನಸ್ಸಾಗುತ್ತದೆ ನೋಡಿ, ನನಗೆ ಭಯ ಇರುವುದು ಅದರದ್ದೇ.

ಜಾಸ್ತಿ ಬರೆದಿಡುವುದು ಇದಕ್ಕಿಂತ ಕೆಟ್ಟದ್ದು, ಆದರೆ ಅದನ್ನೇ ಜಾಣತನ ಅಂದುಕೊಂಡವರು ಬಹಳ ಜನ. ಇಲಾಖೆ ನಿಮ್ಮ ಅರ್ಜಿಯೊಂದನ್ನೇ ನೋಡುವುದಿಲ್ಲ. ಅದೇ ಮೀನಿನ ಮೇಲೆ ಕೊಟ್ಟ ಎಲ್ಲ ಅನುಮತಿಗಳನ್ನೂ ಒಟ್ಟಿಗೆ ಸೇರಿಸಿ, ಬರೆದಷ್ಟೂ ಸತ್ತರೆ ಆ ಮೀನಿನ ಸಂತತಿಗೆ ಏನಾಗುತ್ತದೆ ಅಂತ ನೋಡುತ್ತದೆ. ನೀವು ಬಳಸದೆ ಬಿಟ್ಟ ಅಂಕಿಯೂ ಆ ಲೆಕ್ಕದಲ್ಲಿ ಕೂತಿರುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಎಲ್ಲೋ ಹೋದ ಹಾಗೆ: ನೀವೂ ಕೂರಲ್ಲ, ಬೇರೆಯವರಿಗೂ ಜಾಗ ಇಲ್ಲ. ಸಂಖ್ಯೆ ಕಡಿಮೆ ಇದ್ದಷ್ಟೂ ಇದು ಬಿಗಿಯಾಗುತ್ತದೆ. ನೆವಾಡದ ಡೆವಿಲ್ಸ್ ಹೋಲ್ ಪಪ್‌ಫಿಶ್ ಅನ್ನೋ ಪುಟ್ಟ ಮೀನು 2013ರ ಎಣಿಕೆಯಲ್ಲಿ ಸಿಕ್ಕಿದ್ದು 35. ಅಲ್ಲಿ ಒಂದು ಸತ್ತರೆ ಸುಮಾರು ಶೇ 3 ಹೋದಂತೆ.

ಹಾಗಾದರೆ ಏನು ಬರೆಯೋದು? ಅದೇ ನದಿಯಲ್ಲಿ, ಅದೇ ಬಗೆಯ ಟ್ರ್ಯಾಪ್‌ನಲ್ಲಿ ಹಿಂದಿನವರು ಕೊಟ್ಟ ವಾರ್ಷಿಕ ವರದಿಗಳನ್ನು ತೆಗೆಯಿರಿ, ಅವರ ಸಾವಿನ ಪ್ರಮಾಣ ನೋಡಿ, ಅದಕ್ಕಿಂತ ಕಡಿಮೆ ಮಾಡಲು ನೀವೇನು ಮಾಡುತ್ತೀರಿ ಅಂತ ಬರೆಯಿರಿ. ಮಳೆ ಬಂದರೆ ರಾತ್ರಿಯೂ ಎದ್ದು ಪೆಟ್ಟಿಗೆ ನೋಡುತ್ತೀರಾ? ನೀರು ಬಿಸಿಯಾದರೆ ನಿಲ್ಲಿಸುತ್ತೀರಾ? ಕರೆಂಟ್ ಹರಿಸಿ ಹಿಡಿಯುವ ಯೋಚನೆ ಇದ್ದರೆ 18 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬೇಡ ಅಂತ ನೋವಾದ ಮಾರ್ಗಸೂಚಿಯೇ ಹೇಳುತ್ತದೆ. ನಾನಾದರೆ ಇನ್ನೂ ಮುಂಚೆಯೇ ನಿಲ್ಲಿಸುತ್ತೇನೆ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆ ನದಿಯಲ್ಲಿ ಬೇರೆ ಬೇರೆ ಕಾಲಕ್ಕೆ ಸಮುದ್ರದಿಂದ ಹತ್ತಿ ಬರುವ ನಾಲ್ಕು ಬಗೆಯ ಚಿನೂಕ್ ಇವೆ. ಚಳಿಗಾಲದ್ದು 1994ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ಮರಿಗಳನ್ನು ಕಣ್ಣಲ್ಲಿ ನೋಡಿ ಬೇರೆ ಮಾಡಲಾಗದು. ಯಾವ ದಿನಕ್ಕೆ ಎಷ್ಟು ಉದ್ದ ಅನ್ನೋದರ ಮೇಲೆ ಅಂದಾಜು ಮಾಡುತ್ತಾರೆ, ಖಾತ್ರಿ ಬೇಕಾದರೆ ಡಿಎನ್‌ಎ ನೋಡಬೇಕು. ‘ನಾನು ಹಿಡಿಯೋದು ಬೇರೆ ಚಿನೂಕ್’ ಅಂದರೆ ನಡೆಯುವುದಿಲ್ಲ. ಚಳಿಗಾಲದ ಮರಿಗಳಿಗೂ ಪ್ರತ್ಯೇಕ ಅಂಕಿ ಕೊಡಿ.

ಪ್ರಶ್ನೆ: ಅನುಮತಿ ನಮ್ಮ ಪ್ರೊಫೆಸರ್ ಹೆಸರಲ್ಲಿದೆ. ನಾನು ಮೀನು ಹಿಡಿಯಬಹುದಾ?

ಅದರಲ್ಲಿ ನಿಮಗೂ ಅಧಿಕಾರ ಕೊಟ್ಟಿದ್ದರೆ ಹಿಡಿಯಿರಿ, ಇಲ್ಲದಿದ್ದರೆ ದಡದಲ್ಲಿ ನಿಂತು ಬರೆದುಕೊಳ್ಳಿ.

ಪ್ರಶ್ನೆ: ನೀರಿನಲ್ಲಿರುವ ಡಿಎನ್‌ಎ ಪರೀಕ್ಷಿಸಿದರೆ ಸಾಕಲ್ವಾ, ಮೀನು ಹಿಡಿಯೋದೇ ಯಾಕೆ?

ಮೀನು ಇದೆಯಾ ಅನ್ನೋದಷ್ಟೇ ನಿಮ್ಮ ಪ್ರಶ್ನೆಯಾದರೆ ಸಾಕು, ದಯವಿಟ್ಟು ಬಲೆ ಮುಟ್ಟಬೇಡಿ. ಮೀನಿನ ತೂಕ, ಬೆಳವಣಿಗೆ ನೀರು ಹೇಳುವುದಿಲ್ಲ.

ಪ್ರಶ್ನೆ: ಲವಂಗದ ಎಣ್ಣೆ ನೈಸರ್ಗಿಕ, ಹಾಗಾಗಿ ಮೀನಿನ ಅರಿವಳಿಕೆಗೆ ಎಂಎಸ್-222 ಅನ್ನೋ ಔಷಧಿಗಿಂತ ಒಳ್ಳೆಯದಂತೆ?

ನೈಸರ್ಗಿಕ ಅಂದ ಮಾತ್ರಕ್ಕೆ ಮೀನಿಗೆ ಒಳ್ಳೆಯದು ಅಂತ ಯಾರು ಹೇಳಿದ್ದು? ಅಂಗಡಿಯ ಲವಂಗದ ಎಣ್ಣೆಯನ್ನು ಮೀನಿಗೆ ಬಳಸಲು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆಯೇ ಇಲ್ಲ. ಡೋಸ್ ಹೆಚ್ಚಾದರೆ ಅದರಲ್ಲೂ ಮೀನು ಸಾಯುತ್ತದೆ.

ಪ್ರಶ್ನೆ: ಎರಡು ವಾರದಲ್ಲಿ ಅನುಮತಿ ಕೊಡಿಸುತ್ತೇನೆ ಅಂತ ಒಬ್ಬರು ದುಡ್ಡು ಕೇಳುತ್ತಿದ್ದಾರೆ.

ಅಳಿವಿನಂಚಿನ ಪಟ್ಟಿಯ ಮೀನಾದರೆ ಅರ್ಜಿಯ ಪ್ರಕಟಣೆ ಫೆಡರಲ್ ರಿಜಿಸ್ಟರ್‌ನಲ್ಲಿ (ಅಲ್ಲಿನ ಸರ್ಕಾರಿ ಗೆಜೆಟ್) ಬರಬೇಕು, ಸಾರ್ವಜನಿಕರಿಗೆ ಅಭಿಪ್ರಾಯ ಹೇಳಲು 30 ದಿನ ಕೊಡಬೇಕು. ಇದು ಕಾಯ್ದೆಯಲ್ಲೇ ಇದೆ. ಆ ಮನುಷ್ಯನಿಗೆ ಒಂದು ಪೈಸೆಯೂ ಕೊಡಬೇಡಿ.