ಹಳ್ಳದ ಬಂಡೆ ಮೇಲೆ ಏಡಿ ಚಿಪ್ಪು

ಪ್ರಶ್ನೆ: ಸರ್, ನಮ್ದು ಮೂಡಿಗೆರೆ ಕಡೆ ಕಾಫಿ ತೋಟ, ಕೆಳಗೆ ಹಳ್ಳ ಹರಿಯುತ್ತೆ. ಅಲ್ಲಿ ಒಂದೇ ಬಂಡೆ ಮೇಲೆ ಯಾವ್ದೋ ಪ್ರಾಣಿ ವಾರಕ್ಕೆರಡು ಸಲ ಹಿಕ್ಕೆ ಹಾಕಿ ಹೋಗ್ತಿದೆ, ಕಡ್ಡಿಯಲ್ಲಿ ಕೆದಕಿದ್ರೆ ಬರೀ ಏಡಿ ಚಿಪ್ಪು. ದೊಡ್ಡಪ್ಪ ಮುಂಗುಸಿ ಅಂತಾರೆ, ಕೆಲಸದವ್ರು ನೀರುನಾಯಿ ಅಂತಾರೆ. ಯಾವ್ದು? ಇದನ್ನೆಲ್ಲ ಬರೆದಿಟ್ರೆ ಉಪಯೋಗ ಇದೆಯಾ?
– ಓದುಗರೊಬ್ಬರು

ಉತ್ತರ: ಕೆಲಸದವ್ರ ಮಾತೇ ಸರಿ ಇರೋ ಹಂಗಿದೆ. ಮುಂಗುಸಿನೂ ಏಡಿ ತಿನ್ನುತ್ತೆ, ದೊಡ್ಡಪ್ಪನ್ನ ಪೂರ್ತಿ ತಳ್ಳಿಹಾಕೋಕಾಗಲ್ಲ, ಆದ್ರೆ ನೀರಿನ ಪಕ್ಕದ ಅದೇ ಬಂಡೆಗೆ ಮತ್ತೆ ಮತ್ತೆ ಬರೋದು ನೀರುನಾಯಿ ಚಾಳಿ, ಬೇರೆ ನೀರುನಾಯಿಗಳಿಗೆ ಅದು ಬಿಟ್ಟುಹೋಗೋ ಸುದ್ದಿ. ಹೊಸದಾಗಿದ್ರೆ ಕಪ್ಪಗೆ ಲೋಳೆ ಲೋಳೆ, ಮೀನು ವಾಸನೆ, ಒಣಗಿದ್ಮೇಲೆ ಬಿಳಿಚಿಕೊಂಡು ಮುಟ್ಟಿದ್ರೆ ಪುಡಿಪುಡಿ (ಬರಿಗೈಲಿ ಮುಟ್ಬೇಡಿ ಮತ್ತೆ!). ಮಲೆನಾಡಿನ ಹಳ್ಳಗಳಲ್ಲಿರೋ ಚಿಕ್ಕ ಉಗುರಿನ ನೀರುನಾಯಿಗೆ ಏಡಿ ಅಂದ್ರೆ ಪ್ರಾಣ.

ಬೆಳಿಗ್ಗೆ ಬೇಗ ಹೋಗಿ ಒದ್ದೆ ಮರಳಲ್ಲಿ ಹೆಜ್ಜೆ ಹುಡುಕಿ. ನಾಯಿ, ಬೆಕ್ಕು, ಚಿರತೆ ಎಲ್ಲದಕ್ಕೂ ಮೂಡೋದು ನಾಲ್ಕೇ ಬೆರಳು, ನೀರುನಾಯಿಗೆ ಐದು. ಮುಂಗುಸಿಗೂ ಐದೇ ಅನ್ನಿ, ಆದ್ರೆ ಅದರ ಉದ್ದ ಉಗುರಿನ ಚುಕ್ಕೆ ಮುಂದೆ ಎದ್ದು ಕಾಣುತ್ತೆ, ಈ ನೀರುನಾಯಿಗೆ ಉಗುರು ಇದ್ದೂ ಇಲ್ಲದ ಹಾಗೆ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೀರಿ, ಅಳತೆ ಸಿಗುತ್ತೆ.

ಉಪಯೋಗ ಖಂಡಿತ ಇದೆ. ನೀರುನಾಯಿ ಕಣ್ಣಿಗೆ ಬೀಳೋದೇ ಅಪರೂಪ, ಸರ್ವೆ ಮಾಡೋರೂ ಹುಡುಕೋದು ಹಿಕ್ಕೆ, ಹೆಜ್ಜೆ, ಬಿಲಗಳನ್ನೇ. ತುಂಗಭದ್ರಾ ನದಿಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ಜಾಗ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಆಯ್ತು, ಒಳ್ಳೇದೇ, ಆದ್ರೆ ನಿಮ್ಮ ಹಳ್ಳ ಇರೋದು ತೋಟದೊಳಗೆ, ಅಲ್ಲಿ ಯಾವ ಗಾರ್ಡೂ ಬರಲ್ಲ, ನೋಡೋರು ಅಂದ್ರೆ ನೀವೇ. ನನ್ನ ಕೇಳಿದ್ರೆ ಹಿಕ್ಕೆ ಸಿಕ್ಕ ದಿನಕ್ಕಿಂತ ಸಿಗದ ದಿನಾನೇ ಮುಖ್ಯ, ಅದನ್ನೂ ಬರೀರಿ. ಬಂಡೆ ಯಾವಾಗಿಂದ ಖಾಲಿ ಅಂತ ಗೊತ್ತಿದ್ರೆ, ಮೇಲಿನ ತೋಟದಲ್ಲಿ ಆ ವಾರ ಔಷಧಿ ಹೊಡೆದ್ರಾ, ಯಾರಾದ್ರೂ ಮೀನಿಗೆ ವಿಷ ಹಾಕಿದ್ರಾ, ಹೂವಿನ ಟೈಮಲ್ಲಿ ಸ್ಪ್ರಿಂಕ್ಲರ್‌ಗೆ ಪಂಪ್ ಇಟ್ಟು ಗುಂಡಿಯೆಲ್ಲ ಬರಿದು ಮಾಡಿದ್ರಾ (ನೀವೇ ಮಾಡಿರಬಹುದು, ಬೇಜಾರಾಗ್ಬೇಡಿ) ಅಂತ ಕೇಳೋಕೆ ಕೈಲೊಂದು ತಾರೀಖು ಇರುತ್ತೆ.

ವಾಟ್ಸಾಪ್ ಗ್ರೂಪಿಗೆ ಮಾತ್ರ ಲೊಕೇಶನ್ ಹಾಕ್ಬೇಡಿ, ಚರ್ಮಕ್ಕೋಸ್ಕರ ಹೊಂಚು ಹಾಕೋರು ಇದಾರೆ. ಹೆಜ್ಜೆ ಫೋಟೋ ದೊಡ್ಡಪ್ಪಂಗೆ ತೋರಿಸಿ, ಬೆರಳು ಅವ್ರೇ ಎಣಿಸ್ಲಿ.